ಬಟ್ಟೆ ಮೇಲೆ ಒಳಉಡುಪಿನ ಗೆರೆ ಕಾಣದಿರಲು: ಅಳತೆಯಿಂದ ಒಗೆತದವರೆಗೆ

ನವರಾತ್ರಿ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಮುಂಬೈಯಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಅಲ್ವಾ? ಬಿಳಿಯ ದಿನಕ್ಕೆ ಒಳಗೆ ಏನು ಹಾಕಿದರೆ ಕಾಣುವುದಿಲ್ಲ ಅಂತ ಕೇಳುತ್ತಾರೆ. ಸಂಕ್ರಾಂತಿ ಕಳೆದು ಅರಸಿನ ಕುಂಕುಮ ಶುರುವಾದರೆ ಪ್ರಶ್ನೆ ಸೀರೆಯದು. ಕ್ರೇಪ್ ಸೀರೆ ಉಟ್ಟರೆ ಲಂಗದ ಗಂಟು ಉಬ್ಬಿ ಕಾಣುತ್ತದೆ, ಬ್ಲೌಸಿನ ಬೆನ್ನಲ್ಲಿ ಮಡಿಕೆ ಬೀಳುತ್ತದೆ, ಏನು ಮಾಡಲಿ? ಮಾಟುಂಗದಲ್ಲಿ ನೆಲೆಸಿದ ಹಿರಿಯರಿಗೂ, ಡೊಂಬಿವಲಿಯಿಂದ ಅಂಧೇರಿಗೆ ಕೆಲಸಕ್ಕೆ ಓಡುವ ಹುಡುಗಿಯರಿಗೂ ಇದೇ ತೊಂದರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಮೈಗೆ ತಾಗಿಕೊಂಡಿರುವ ಬಟ್ಟೆಯ ವಿಷಯ ಇದು. ನಾಚಿಕೆ ಬಿಟ್ಟು ಓದಿ.

ಮೊದಲು ಒಂದು ಮಾತು. ಮೇಲೆ ನಯವಾಗಿ ಕಾಣಬೇಕೆಂದರೆ ಒಳಗೆ ಬಿಗಿಯಾಗಿರಬೇಕು ಅಂತ ತುಂಬಾ ಜನ ನಂಬಿದ್ದಾರೆ. ಆಗುವುದು ಇದರ ಉಲ್ಟಾ. ಇಲಾಸ್ಟಿಕ್ ಬಿಗಿಯಾಗಿ ಮೈಯೊಳಗೆ ಒತ್ತಿದಾಗ ಅದರ ಮೇಲೊಂದು, ಕೆಳಗೊಂದು ಉಬ್ಬು ಏಳುತ್ತದೆ. ನಡುವೆ ಉಳಿಯುವ ಗುಳಿಯೇ ಬಟ್ಟೆ ಮೇಲೆ ಗೆರೆಯಾಗಿ ಕಾಣುವುದು. ತೆಳ್ಳಗಿನವರಿಗೂ ಹೀಗೇ ಆಗುತ್ತದೆ. ಹಾಗಾಗಿ ಗೆರೆ ಕಂಡರೆ ನಿಮ್ಮ ಮೈಯನ್ನು ಬೈದುಕೊಳ್ಳಬೇಡಿ, ಸೈಜನ್ನು ನೋಡಿ.

ಬೇಕಾಗುವುದು ಇಷ್ಟೇ: ದರ್ಜಿಯ ಟೇಪು, ಬೆನ್ನು ಕಾಣುವ ಹಾಗೆ ಒಂದು ಕನ್ನಡಿ ಅಥವಾ ಫೋನು, ನೀವು ಮೇಲೆ ಹಾಕಿಕೊಳ್ಳಲಿರುವ ಬಟ್ಟೆ, ಮತ್ತೆ ಅರ್ಧ ಗಂಟೆ ಬಿಡುವು.

1. ಮೇಲಿನ ಬಟ್ಟೆಯಿಂದ ಶುರು ಮಾಡಿ

ಒಳಉಡುಪು ಕೊಳ್ಳುವ ಮೊದಲು ಅದರ ಮೇಲೆ ಬರುವ ಬಟ್ಟೆಯನ್ನು ಕೈಯಲ್ಲಿ ಹಿಡಿಯಿರಿ. ಒಂದು ಪದರದ ಹಿಂದೆ ಅಂಗೈ ಇಟ್ಟು ಕಿಟಕಿಯ ಕಡೆ ಎತ್ತಿ. ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಬಟ್ಟೆ ಪಾರದರ್ಶಕ, ನೀವು ಬಣ್ಣದ ಬಗ್ಗೆ ಯೋಚಿಸಬೇಕು. ಬೆರಳು ಕಾಣದೆ ಬಟ್ಟೆ ಮಾತ್ರ ಕೈಗೆ ಅಂಟಿಕೊಂಡು ಜಾರಿದರೆ ಹೊಲಿಗೆ ಮತ್ತು ಅಂಚಿನ ಬಗ್ಗೆ ಯೋಚಿಸಬೇಕು. ಕ್ರೇಪ್, ಸ್ಯಾಟಿನ್, ಲೈಕ್ರಾ ಬೆರೆಸಿದ ಲೆಗ್ಗಿಂಗ್ಸ್ ಈ ಎರಡನೇ ಜಾತಿಯವು. ಜಾರ್ಜೆಟ್ ಮತ್ತು ಶಿಫಾನಿನಲ್ಲಿ ಎರಡೂ ತೊಂದರೆ ಇರುತ್ತವೆ. ಇಳಕಲ್ ಸೀರೆ, ದಪ್ಪ ಕಾಟನ್, ಲೈನಿಂಗ್ ಕೊಟ್ಟ ರೇಷ್ಮೆ ಬ್ಲೌಸು ಎಲ್ಲವನ್ನೂ ಮುಚ್ಚಿಕೊಳ್ಳುತ್ತವೆ. ಅವಕ್ಕೆ ನಿಮ್ಮ ದಿನನಿತ್ಯದ್ದೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

2. ಟೇಪು ಹಿಡಿದು ಅಳತೆ ತೆಗೆಯಿರಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಮದುವೆಗೆ ಮುಂಚೆ ಯಾರೋ ಹೇಳಿದ ನಂಬರನ್ನೇ ಎರಡು ಮಕ್ಕಳಾದ ಮೇಲೂ ಕೊಳ್ಳುತ್ತಿರುವವರು ಬಹಳ. ತೂಕ ಏರಿಳಿದಾಗ, ಹೆರಿಗೆಯಾದಾಗ, ಮಗು ಹಾಲು ಬಿಟ್ಟಾಗ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅಳತೆ ಬದಲಾಗುತ್ತದೆ.

ಎರಡು ಅಳತೆ ಬೇಕು, ಸೆಂಟಿಮೀಟರಿನಲ್ಲಿ. ಮೊದಲನೆಯದು ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ. ಉಸಿರು ಬಿಟ್ಟು, ಟೇಪು ನೆಲಕ್ಕೆ ಸಮನಾಗಿರುವಂತೆ ಹಿಡಿದು, ಮೈಗೆ ತಾಗಿಸಿ ಅಳೆಯಿರಿ. ಎರಡನೆಯದು ಎದೆಯ ಅತಿ ಉಬ್ಬಿದ ಭಾಗದ ಸುತ್ತ, ಟೇಪನ್ನು ಬಿಗಿಯದೆ. ಆಗ ಪ್ಯಾಡ್ ಇಲ್ಲದ ಮೆತ್ತಗಿನ ಬ್ರಾ ಹಾಕಿಕೊಂಡಿರಿ. ಬೆನ್ನ ಹಿಂದೆ ಟೇಪು ಕೆಳಗೆ ಇಳಿಯುವುದು ಸಾಮಾನ್ಯ, ಕನ್ನಡಿಯಲ್ಲಿ ನೋಡಿಕೊಳ್ಳಿ ಅಥವಾ ಅಕ್ಕನೋ ಮಗಳೋ ಇದ್ದರೆ ಹಿಡಿಯಲು ಹೇಳಿ.

ಪಕ್ಕೆಲುಬಿನ ಅಳತೆ 70ರ ಆಸುಪಾಸು ಇದ್ದರೆ ಸೈಜು 32, 75 ಇದ್ದರೆ 34, 80 ಇದ್ದರೆ 36, 85 ಇದ್ದರೆ 38. ಇದು ಬ್ಯಾಂಡ್, ಅಂದರೆ ಮೈ ಸುತ್ತುವ ಪಟ್ಟಿಯ ಅಳತೆ. ಎರಡು ಅಳತೆಗಳ ವ್ಯತ್ಯಾಸದಿಂದ ಕಪ್ ಸಿಗುತ್ತದೆ. ವ್ಯತ್ಯಾಸ 12ರಿಂದ 14 ಸೆಂಟಿಮೀಟರ್ ಇದ್ದರೆ ಎ, 14ರಿಂದ 16 ಬಿ, 16ರಿಂದ 18 ಸಿ, 18ರಿಂದ 20 ಡಿ. ಉದಾಹರಣೆಗೆ ಕೆಳಗೆ 75, ಮೇಲೆ 90 ಬಂದರೆ ವ್ಯತ್ಯಾಸ 15, ನಿಮ್ಮದು 34ಬಿ. ಪ್ರತಿ ಕಂಪನಿಯ ಚಾರ್ಟು ಸ್ವಲ್ಪ ಆಚೀಚೆ ಇರುತ್ತದೆ. ಕೊಳ್ಳುವಾಗ ಡಬ್ಬಿಯ ಹಿಂದಿರುವ ಚಾರ್ಟನ್ನೇ ನಂಬಿ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ಕೆಲವು ಇಂಚಿನ ಅಳತೆಯನ್ನೇ ನೇರವಾಗಿ ನಂಬರು ಮಾಡಿಬಿಡುತ್ತವೆ. 30 ಇಂಚು ಅಂದರೆ 30ರ ಬ್ರಾ ಅಂತ. ನಮ್ಮ ಕಡೆಯ ಅಂಗಡಿಗಳಲ್ಲಿ ಆ ಲೆಕ್ಕದಲ್ಲಿ ಕೊಂಡರೆ ಉಸಿರು ಕಟ್ಟುತ್ತದೆ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದೇ ಇಲ್ಲ. ಕಪ್ಪಿನ ಅಕ್ಷರಕ್ಕೆ ಒಂಟಿಯಾಗಿ ಅರ್ಥವಿಲ್ಲ. 32ಸಿ, 34ಬಿ, 36ಎ ಮೂರರಲ್ಲೂ ಕಪ್ಪಿನ ಒಳಗಿನ ಜಾಗ ಹೆಚ್ಚು ಕಡಿಮೆ ಒಂದೇ, ಪಟ್ಟಿಯ ಉದ್ದ ಮಾತ್ರ ಬೇರೆ. ಕಪ್ ಸರಿಯಾಗಿದ್ದು ಪಟ್ಟಿ ಸಡಿಲ ಅನ್ನಿಸಿದರೆ ಪಟ್ಟಿಯಲ್ಲಿ ಒಂದು ಸೈಜು ಇಳಿದು, ಕಪ್ಪಿನಲ್ಲಿ ಒಂದು ಅಕ್ಷರ ಏರಿ.

ಪ್ಯಾಂಟಿಗೆ ಸೊಂಟದ ಅಳತೆ ಸಾಲದು. ಹಿಂಭಾಗ ಅತಿ ಅಗಲ ಇರುವ ಕಡೆ ಸುತ್ತಳತೆ ತೆಗೆದು ಚಾರ್ಟಿನ ಹಿಪ್ ಸಾಲಿನಲ್ಲಿ ನೋಡಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ.

3. ಬ್ರಾ ಆರಿಸುವುದು, ತೊಡುವುದು

ತೆಳುವಾದ ಕುರ್ತಿ, ಟೀ ಶರ್ಟು, ಕ್ರೇಪ್ ಬ್ಲೌಸಿಗೆ ಟೀ ಶರ್ಟ್ ಬ್ರಾ ಒಳ್ಳೆಯದು. ಅಂದರೆ ಅಚ್ಚಿನಲ್ಲಿ ಮಾಡಿದ, ಕಪ್ಪಿನ ಮೇಲೆ ಹೊಲಿಗೆಯೇ ಇಲ್ಲದ ಬ್ರಾ. ಹೊಲಿಗೆ ಇರುವ ಹಳೆಯ ಕಾಟನ್ ಬ್ರಾ ಕೆಟ್ಟದ್ದೇನಲ್ಲ, ಬೇಸಿಗೆಗೆ ಹಿತ, ಆಸರೆಯೂ ಚೆನ್ನಾಗಿ ಕೊಡುತ್ತದೆ. ಆದರೆ ಅದರ ಸುತ್ತು ಹೊಲಿಗೆ ಜಾರ್ಜೆಟ್ಟಿನ ಮೇಲೆ ಎದ್ದು ಕಾಣುತ್ತದೆ. ಅದನ್ನು ಲೈನಿಂಗ್ ಇರುವ ಬ್ಲೌಸಿಗೆ ಇಟ್ಟುಕೊಳ್ಳಿ. ಎದೆ ಭಾರ ಇರುವವರು ಫುಲ್ ಕವರೇಜ್ ಕೇಳಿ, ಅಂದರೆ ಕಪ್ ಮೇಲಿನವರೆಗೂ ಮುಚ್ಚುವಂಥದ್ದು. ಪಕ್ಕದ ಪಟ್ಟಿ ಮೂರು ಬೆರಳಿಗಿಂತ ಅಗಲ ಇದ್ದರೆ ಬೆನ್ನಿನ ಮಡಿಕೆ ತಾನಾಗಿ ಕಡಿಮೆಯಾಗುತ್ತದೆ. ಬೆನ್ನು ನಯವಾಗಿ ಕಾಣುವುದರಲ್ಲಿ ಈ ಅಗಲದ ಪಾಲೇ ದೊಡ್ಡದು.

ಹೊಸ ಬ್ರಾವನ್ನು ಯಾವಾಗಲೂ ಅತಿ ಸಡಿಲದ, ಅಂದರೆ ಕೊನೆಯ ಕೊಕ್ಕೆಗೆ ಹಾಕಿ ನೋಡಿ. ಅಲ್ಲಿಯೇ ಸರಿಯಾಗಿ ಕೂರಬೇಕು. ಇಲಾಸ್ಟಿಕ್ ಸಡಿಲವಾಗುತ್ತಾ ಬಂದಂತೆ ಒಳಗಿನ ಕೊಕ್ಕೆಗಳಿಗೆ ಹೋಗಬಹುದು. ಮೊದಲ ದಿನವೇ ಅತಿ ಬಿಗಿಯ ಕೊಕ್ಕೆ ಬೇಕಾದರೆ ಆ ಸೈಜು ನಿಮ್ಮದಲ್ಲ.

ತೊಡುವ ಕ್ರಮವೂ ಮುಖ್ಯ. ಕೊಕ್ಕೆ ಹಾಕಿದ ಮೇಲೆ ಸೊಂಟದಿಂದ ಮುಂದಕ್ಕೆ ಬಾಗಿ. ಬಲಗೈಯನ್ನು ಎಡಗಡೆಯ ಕಪ್ಪಿನೊಳಗೆ ಹಾಕಿ, ಕಂಕುಳ ಬದಿಯಲ್ಲಿ ಉಳಿದ ಭಾಗವನ್ನು ಮುಂದಕ್ಕೆ ತಂದು ಕಪ್ಪಿನಲ್ಲಿ ಕೂರಿಸಿ. ಇನ್ನೊಂದು ಕಡೆಯೂ ಹೀಗೇ. ನೆಟ್ಟಗೆ ನಿಂತು ಭುಜದ ಪಟ್ಟಿ ಸರಿಮಾಡಿ. ಕಂಕುಳ ಹತ್ತಿರ ಉಬ್ಬು ಅಂತ ಹೇಳುವವರಲ್ಲಿ ಅನೇಕರಿಗೆ ಇಷ್ಟರಲ್ಲೇ ಪರಿಹಾರ ಸಿಗುತ್ತದೆ.

ಈಗ ನೋಡಿಕೊಳ್ಳಿ. ಬೆನ್ನಿನ ಪಟ್ಟಿ ಮುಂದಿನಷ್ಟೇ ಎತ್ತರದಲ್ಲಿ ನೆಟ್ಟಗಿರಬೇಕು. ಪಟ್ಟಿಯೊಳಗೆ ಎರಡು ಬೆರಳು, ಭುಜದ ಪಟ್ಟಿಯೊಳಗೆ ಒಂದು ಬೆರಳು ಹೋಗಬೇಕು. ಕಪ್ಪಿನಲ್ಲಿ ಸುಕ್ಕು ಬಿದ್ದರೆ ಕಪ್ ದೊಡ್ಡದು. ಅಂಚಿನ ಮೇಲೆ ಉಕ್ಕಿ ಎದೆ ನಾಲ್ಕು ಭಾಗವಾದ ಹಾಗೆ ಕಂಡರೆ ಕಪ್ ಚಿಕ್ಕದು. ಕೊನೆಗೆ, ಲೋಕಲ್ ಟ್ರೇನಿನಲ್ಲಿ ಹಿಡಿ ಹಿಡಿದು ನಿಂತ ಹಾಗೆ ಒಂದು ಕೈ ಮೇಲೆತ್ತಿ. ಪಟ್ಟಿಯೇ ಮೇಲೇರಿ ಬಂದರೆ ಅದು ಸಡಿಲ. ಸಡಿಲ ಪಟ್ಟಿಗೆ ಭುಜದ ಪಟ್ಟಿ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಭಾರ ಹೊರಬೇಕಾದ್ದು ಮೈ ಸುತ್ತಿನ ಪಟ್ಟಿ. ಭುಜ ಹೊತ್ತರೆ ಅಲ್ಲಿ ಗುಳಿ ಬೀಳುತ್ತದೆ, ಕುತ್ತಿಗೆಯೂ ನೋಯುತ್ತದೆ.

ಬ್ಲೌಸು ಹೊಲಿಸುವವರಿಗೆ ಒಂದು ಕಿವಿಮಾತು. ದರ್ಜಿಗೆ ಅಳತೆ ಕೊಡಲು ಹೋಗುವಾಗ ಆ ಬ್ಲೌಸಿನ ಒಳಗೆ ಹಾಕುವ ಬ್ರಾವನ್ನೇ ಹಾಕಿಕೊಂಡು ಹೋಗಿ. ಸಡಿಲ ಬ್ರಾದಲ್ಲಿ ಅಳತೆ ಕೊಟ್ಟು ಆಮೇಲೆ ಪ್ಯಾಡ್ ಇರುವುದನ್ನು ಹಾಕಿದರೆ ಬ್ಲೌಸು ಎಳೆಯುತ್ತದೆ, ಕೊಕ್ಕೆಗಳ ನಡುವೆ ಬಾಯಿ ಬಿಡುತ್ತದೆ. ಭುಜದ ಪಟ್ಟಿ ಹೊರಗೆ ಇಣುಕುತ್ತಿದ್ದರೆ ಬ್ಲೌಸಿನ ಭುಜದ ಒಳಗೆ ಟಿಚ್ ಬಟನ್ ಇರುವ ಸಣ್ಣ ಪಟ್ಟಿ ಹೊಲಿಸಿಕೊಳ್ಳಿ. ಪಿನ್ನು ಚುಚ್ಚಿ ಬಟ್ಟೆ ಹರಿದುಕೊಳ್ಳಬೇಡಿ.

4. ಪ್ಯಾಂಟಿ

ಸೀರೆಯ ಒಳಗೆ ಲಂಗ ಇರುವುದರಿಂದ ಯಾವುದಾದರೂ ನಡೆಯುತ್ತದೆ. ತೊಂದರೆ ಬರುವುದು ಲೆಗ್ಗಿಂಗ್ಸ್, ಪ್ಯಾಂಟು, ಮೈಗೆ ಅಂಟುವ ಗೌನಿಗೆ. ಅಲ್ಲಿ ಸೀಮ್‌ಲೆಸ್ ಕೇಳಿ. ಅದರಲ್ಲೂ ಎರಡು ಬಗೆ. ಒಂದರಲ್ಲಿ ಪಕ್ಕದ ಹೊಲಿಗೆ ಮಾತ್ರ ಇರುವುದಿಲ್ಲ, ಕಾಲಿನ ಅಂಚಿಗೆ ಇಲಾಸ್ಟಿಕ್ ಇದ್ದೇ ಇರುತ್ತದೆ. ಇನ್ನೊಂದು ಲೇಸರ್ ಕಟ್, ಅಂದರೆ ಅಂಚನ್ನು ಮಡಚಿ ಹೊಲಿಯದೆ ಹಾಗೇ ಕತ್ತರಿಸಿ ಬಿಟ್ಟಿದ್ದು. ಗೆರೆ ಕಾಣದಿರುವುದು ಈ ಎರಡನೆಯದರಲ್ಲಿ. ಅಂಗಡಿಯಲ್ಲಿ ಕಾಲಿನ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿ, ಬಟ್ಟೆಯ ದಪ್ಪವೇ ಅಂಚಿನ ದಪ್ಪವಾಗಿರಬೇಕು.

ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದನ್ನೂ ನೋಡಿ. ಹಿಂಭಾಗದ ನಡುವೆ ಅಡ್ಡ ಹಾಯುವ ಅಂಚು ಕಾಣುತ್ತದೆ. ಪೂರ್ತಿ ಮುಚ್ಚಿ ತೊಡೆಯ ಮೇಲೆ ಇಳಿಯುವ ಬಾಯ್‌ಶಾರ್ಟ್ ತೊಟ್ಟರೆ ಆ ಗೆರೆ ತಪ್ಪುತ್ತದೆ, ಲೋಕಲ್ಲು ಹತ್ತಿಳಿಯುವವರಿಗೆ ತೊಡೆ ಉಜ್ಜುವುದೂ ತಪ್ಪುತ್ತದೆ. ಥಾಂಗ್, ಅಂದರೆ ಹಿಂದೆ ಬರೀ ಪಟ್ಟಿ ಇರುವಂಥದ್ದು, ಹಿತ ಅನ್ನಿಸಿದವರು ಹಾಕಿಕೊಳ್ಳಿ. ಇಷ್ಟವಿಲ್ಲದವರು ಅದಿಲ್ಲದೆ ಆಗುವುದೇ ಇಲ್ಲ ಅಂದುಕೊಳ್ಳಬೇಡಿ.

ಲೇಸರ್ ಕಟ್ ಬಟ್ಟೆ ಹೆಚ್ಚಾಗಿ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್, ಬೆವರು ಹೀರುವುದಿಲ್ಲ. ನಮ್ಮ ಸೆಕೆಗೆ ಕಾಲುಗಳ ನಡುವೆ ಬರುವ ಒಳಗಿನ ಜೋಡಿ ಪದರವಾದರೂ ಕಾಟನ್ ಇರಲೇಬೇಕು. ಇಲ್ಲದಿದ್ದರೆ ಅದನ್ನು ಕೆಳಗಿಡಿ, ಎಷ್ಟೇ ಚೆಂದ ಇರಲಿ.

5. ಬಣ್ಣ: ಬಿಳಿಯ ಒಳಗೆ ಬಿಳಿ ಬೇಡ

ಬಿಳಿ ಕುರ್ತಿಯ ಒಳಗೆ ಬಿಳಿ ಬ್ರಾ ಹಾಕಿದರೆ ಎರಡು ಪದರ ಬಿಳಿ ಸೇರಿ ಅಷ್ಟು ಜಾಗ ಬೆಳ್ಳಗೆ ಹೊಳೆಯುತ್ತದೆ, ಸುತ್ತ ಮೈಬಣ್ಣ ಕಾಣುತ್ತದೆ. ಆ ವ್ಯತ್ಯಾಸವೇ ಕಣ್ಣಿಗೆ ಹೊಡೆಯುವುದು. ನಿಮ್ಮ ಮೈಬಣ್ಣಕ್ಕೆ ಹತ್ತಿರದ್ದನ್ನು ಹಾಕಿ. ಅಂಗಡಿಯಲ್ಲಿ 'ಸ್ಕಿನ್ ಕಲರ್' ಅಂತ ಕೊಡುವುದು ಹೆಚ್ಚಾಗಿ ತಿಳಿ ಬಿಸ್ಕತ್ತು ಬಣ್ಣ, ನಮ್ಮಲ್ಲಿ ಅನೇಕರ ಮೈಗಿಂತ ಎಷ್ಟೋ ತಿಳಿ. ಹೊಟ್ಟೆಯ ಬಣ್ಣಕ್ಕೆ ಹೋಲಿಸಿ ತೆಗೆದುಕೊಳ್ಳಿ, ಯಾಕೆಂದರೆ ಕೈ ಬಿಸಿಲಿಗೆ ಕಪ್ಪಾಗಿರುತ್ತದೆ. ಗಾಢ ಮೈಬಣ್ಣದವರಿಗೆ ಕಾಫಿ ಕಂದು ಸರಿಹೋಗುತ್ತದೆ. ಅದು ಸಿಗದಿದ್ದರೆ ಮಂಕಾದ ಮರೂನ್ ಕೂಡ ಬಿಳಿಗಿಂತ ವಾಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಯಾವಾಗ ಹೊಡೆಯುತ್ತದೆ ಹೇಳಲಾಗದು. ಒದ್ದೆಯಾದರೆ ಎಂಥ ದಪ್ಪ ತಿಳಿಬಣ್ಣದ ಕಾಟನ್ ಕೂಡ ಪಾರದರ್ಶಕ. ಆ ತಿಂಗಳುಗಳಲ್ಲಿ ತಿಳಿ ಕುರ್ತಿಗೆ ಒಂದು ಸ್ಲಿಪ್ ಹಾಕಿ. ಮುಂಬೈ ಅಂಗಡಿಗಳಲ್ಲಿ ಅದನ್ನೇ ಸ್ಪೆಗೆಟ್ಟಿ ಅನ್ನುತ್ತಾರೆ.

6. ಸೀರೆಯ ಒಳಗಿನ ಲಂಗ

ಸೀರೆ ಚೆನ್ನಾಗಿ ಕೂರುವುದು, ಕೂರದಿರುವುದು ಅರ್ಧ ಲಂಗದ ಕೈಯಲ್ಲಿದೆ. ಎರಡು ಸಾವಿರದ ಸೀರೆಗೆ ಫಾಲ್, ಪಿಕೋ, ಬ್ಲೌಸು ಎಲ್ಲ ಮಾಡಿಸಿ, ಲಂಗ ಮಾತ್ರ ಹಳೆಯದೇ ಹಾಕುತ್ತೇವೆ.

ಕಾಟನ್ ಮತ್ತು ರೇಷ್ಮೆ ಸೀರೆಗೆ ಕಾಟನ್ ಲಂಗ ಬೇಕು, ನೆರಿಗೆ ಹಿಡಿದುಕೊಳ್ಳುತ್ತದೆ. ಕ್ರೇಪ್, ಜಾರ್ಜೆಟ್, ಶಿಫಾನಿಗೆ ಗಂಜಿಯ ಕಾಟನ್ ಲಂಗ ಹಾಕಿದರೆ ಅದರ ಸುಕ್ಕೆಲ್ಲ ಮೇಲೆ ಮೂಡುತ್ತದೆ. ಅಲ್ಲಿಗೆ ಸ್ಯಾಟಿನ್ ಲಂಗ ಅಥವಾ ಮೈಗೆ ಹೊಂದುವ ಲೈಕ್ರಾ ಲಂಗ ಸರಿ. ಈ ಲೈಕ್ರಾ ಲಂಗವನ್ನು ಸೀರೆ ಶೇಪ್‌ವೇರ್ ಅಂತ ಮಾರುತ್ತಾರೆ. ಪಕ್ಕದಲ್ಲಿ ಸೀಳು ಇರುವುದನ್ನೇ ಕೊಳ್ಳಿ, ಇಲ್ಲವಾದರೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಹೊಲಿಸುವವರಿಗೆ ದಾದರಿನ ಹಿಂದ್‌ಮಾತಾದಲ್ಲಿ ಬಟ್ಟೆ ಸಿಗುತ್ತದೆ. ಬಣ್ಣಕ್ಕೆ ಹೊಂದುವ ಸಿದ್ಧ ಲಂಗ ಯಾವುದೇ ಮ್ಯಾಚಿಂಗ್ ಸೆಂಟರಿನಲ್ಲಿ ಸಿಗುತ್ತದೆ. ಪಾರದರ್ಶಕ ಸೀರೆಯಾದರೆ ಸೀರೆಯನ್ನೇ ಅಂಗಡಿಗೆ ಒಯ್ದು ಲಂಗದ ಮೇಲೆ ಹಾಸಿ ಬಣ್ಣ ನೋಡಿ. ನೆನಪಿನಿಂದ ತಂದ ಹಸಿರು ಹೊಂದುವುದೇ ಇಲ್ಲ.

ಇನ್ನು ಗಂಟು. ಲಂಗ ಹಾಕಿಕೊಂಡ ಮೇಲೆ ಮುಂದಿನ ಸುಕ್ಕನ್ನೆಲ್ಲ ಬೆರಳಿನಿಂದ ಹಿಂದಕ್ಕೂ ಪಕ್ಕಕ್ಕೂ ಸರಿಸಿ, ಹೊಟ್ಟೆಯ ಮೇಲೆ ಸಪಾಟಾಗಬೇಕು. ಗಂಟನ್ನು ಹೊಕ್ಕುಳ ಕೆಳಗೆ ಹಾಕಬೇಡಿ, ಅಲ್ಲಿ ನೆರಿಗೆಯ ಕಂತೆ ಬೇರೆ ಬರುತ್ತದೆ. ಬಲ ಸೊಂಟದ ಪಕ್ಕಕ್ಕೆ ತಿರುಗಿಸಿ ಕಟ್ಟಿ. ಎಡ ಭುಜಕ್ಕೆ ಸೆರಗು ಹಾಕುವವರಿಗೆ ಸೀರೆ ಬಲಗಡೆಯಿಂದ ಸುತ್ತಿ ಬರುವುದರಿಂದ ಗಂಟು ಮುಚ್ಚಿಹೋಗುತ್ತದೆ. ಲಾಡಿಯ ತುದಿಗಳನ್ನು ಒಳಗೆ ಸೇರಿಸಿ. ದಾರದಂಥ ಲಾಡಿ ತೆಗೆದುಹಾಕಿ, ಒಂದು ಇಂಚಾದರೂ ಅಗಲದ ಚಪ್ಪಟೆ ಪಟ್ಟಿ ಹಾಕಿಸಿ. ಪಕ್ಕದಲ್ಲಿ ಕೊಕ್ಕೆ ಇಡಿಸಿಕೊಂಡರೆ ಗಂಟಿನ ಗೊಡವೆಯೇ ಇಲ್ಲ.

ಬಿಗಿ ಲಾಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಮಹಿಳೆಯರ ಬಗ್ಗೆ ಬರೆದಿದ್ದರು. ವರ್ಷಗಟ್ಟಲೆ ಸೊಂಟಕ್ಕೆ ಬಿಗಿದು ಕಟ್ಟಿದ ಉಡುಗೆ ಉಜ್ಜಿ ಉಜ್ಜಿ ವಾಸಿಯಾಗದ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರ್ ಆಗಿತ್ತು. ಹೀಗಾಗುವುದು ಅಪರೂಪ. ಆದರೂ ದಿನಾ ಸೀರೆ ಉಡುವ ನಿಮ್ಮ ಅಮ್ಮ, ಅತ್ತೆಯವರ ಸೊಂಟದಲ್ಲಿ ಕಪ್ಪು ಪಟ್ಟಿ, ಸಿಪ್ಪೆ ಏಳುವುದು, ತುರಿಕೆ ಇದೆಯೇ ಕೇಳಿ. ಇದ್ದರೆ ಅಗಲ ಪಟ್ಟಿಗೆ ಬದಲಿಸಿ, ಮನೆಯಲ್ಲಿ ಸಡಿಲ ಬಟ್ಟೆ ಹಾಕಲು ಹೇಳಿ. ಹುಣ್ಣಾಗಿ ಒಣಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಅರಸಿನ ಹಚ್ಚಿ ಕಾಯುತ್ತಾ ಕೂರಬೇಡಿ.

7. ಶೇಪ್‌ವೇರ್ ಬೇಕೇ?

ಹೊಟ್ಟೆ, ಸೊಂಟವನ್ನು ಒತ್ತಿ ಸಪಾಟಾಗಿಸುವ ಒಳಉಡುಪು ಇದು. ಒಂದು ಸಂಜೆಯ ಮದುವೆ ಆರತಕ್ಷತೆಗೆ ಹಾಕಿಕೊಳ್ಳಿ. ದಿನಾ ಆಫೀಸಿಗೆ, ಅದೂ ಅಕ್ಟೋಬರಿನ ಸೆಕೆಯಲ್ಲಿ, ಬೇಡವೇ ಬೇಡ.

ಒಂದು ಸೈಜು ಚಿಕ್ಕದು ಕೊಂಡರೆ ಹೆಚ್ಚು ತೆಳ್ಳಗೆ ಕಾಣುವುದಿಲ್ಲ. ಅದು ಮೇಲಿನಿಂದ ಸುರುಳಿ ಸುತ್ತಿ ಇಳಿಯುತ್ತದೆ, ತೊಡೆಯ ಅಂಚಿನಲ್ಲಿ ಮಾಂಸ ಉಕ್ಕುತ್ತದೆ. ಬ್ರಾ ಪಟ್ಟಿಯವರೆಗೆ ಬರುವ ಎತ್ತರದ್ದನ್ನು ಆರಿಸಿದರೆ ಸೊಂಟದ ನಡುವೆ ಗೆರೆ ಬೀಳುವುದಿಲ್ಲ. ಹಾಕುವ ಮುಂಚೆ ಕ್ರೀಮು ಹಚ್ಚಬೇಡಿ, ಮೈ ಒಣಗಿರಲಿ. ಕಾಲಿನಿಂದ ಹಾಕಿ ಸ್ವಲ್ಪ ಸ್ವಲ್ಪವೇ ಮೇಲೆಳೆಯಿರಿ, ಉಗುರು ತಾಗಿಸದೆ. ಉಸಿರಾಟ ಕಷ್ಟವಾದರೆ, ಎದೆಯುರಿ ಬಂದರೆ, ತೊಡೆಯ ಹೊರಬದಿ ಜೋಮು ಹಿಡಿದರೆ ಆಗಲೇ ತೆಗೆಯಿರಿ. ಬಸುರಿಯರು ಹಾಕಬಾರದು. ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಹಾಕಬೇಕು. ಶೌಚಕ್ಕೆ ಹೋಗುವುದು ಕಷ್ಟ ಅಂತ ನೀರು ಕುಡಿಯದೆ ಇರುವವರಿದ್ದಾರೆ. ಹಾಗೆ ಮಾಡಬೇಡಿ, ಕೆಳಗೆ ತೆರೆಯಲು ಬರುವ ಮಾದರಿ ಕೊಳ್ಳಿ.

8. ಅಂಗಡಿಯಲ್ಲಿ

ದಾದರ್ ಪಶ್ಚಿಮದ ಸ್ಟೇಷನ್ ಸುತ್ತ ಸಂಜೆ ನೂಕುನುಗ್ಗಲು, ನಿಂತು ಆರಿಸಲು ಆಗದು. ವಾರದ ದಿನ ಮಧ್ಯಾಹ್ನ ಹೋಗಿ. ಕಣ್ಣಂದಾಜಿನಲ್ಲಿ ಸೈಜು ಹೇಳುವ ಅಂಗಡಿಯವರಿಗೆ ನಿಮ್ಮ ಎರಡು ಅಳತೆಯ ಚೀಟಿ ತೋರಿಸಿ. ಮಾತಾಡುವ ಮುಜುಗರವೂ ಉಳಿಯುತ್ತದೆ. ಒಳಉಡುಪನ್ನು ಬದಲಿಸಿ ಕೊಡದ ಅಂಗಡಿ ಹೆಚ್ಚು, ಆದ್ದರಿಂದ ಮೊದಲೇ ಕೇಳಿ. ಮೂರರ ಪ್ಯಾಕು ಅಗ್ಗ ಅಂತ ತರುವ ಮೊದಲು ಒಂದೇ ಒಂದು ತಂದು, ಮನೆಯಲ್ಲಿ ಬಟ್ಟೆ ಮೇಲೆಯೇ ಹಾಕಿ ನೋಡಿ, ಲೇಬಲ್ ಕೀಳಬೇಡಿ.

9. ಹೊರಡುವ ಹಿಂದಿನ ದಿನ

ಎಲ್ಲ ಹಾಕಿಕೊಂಡು ಕಿಟಕಿಯ ಬೆಳಕಿಗೆ ನಿಲ್ಲಿ. ಮನೆಯ ಟ್ಯೂಬ್‌ಲೈಟಿನಲ್ಲಿ ಕಾಣದ್ದು ಬಿಸಿಲಿನಲ್ಲಿ ಕಾಣುತ್ತದೆ. ಫೋನಿನಲ್ಲಿ ಫ್ಲ್ಯಾಶ್ ಹಾಕಿ ಮುಂದೆ, ಹಿಂದೆ ಒಂದೊಂದು ಫೋಟೋ ತೆಗೆಸಿಕೊಳ್ಳಿ, ಸಮಾರಂಭದ ಕ್ಯಾಮೆರಾ ಕಾಣುವುದೂ ಅದನ್ನೇ. ಕುಳಿತು ಏಳಿ, ಬಾಗಿ, ಕೈ ಎತ್ತಿ. ಅರ್ಧ ಗಂಟೆ ಮನೆಯೊಳಗೆ ಓಡಾಡಿ. ಬಿಚ್ಚಿದಾಗ ತಿಳಿ ಗುಲಾಬಿ ಗುರುತು ಇದ್ದು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಪರವಾಗಿಲ್ಲ. ಆಳವಾದ ಗುರುತು, ಉರಿ, ತುರಿಕೆ ಇದ್ದರೆ ಸೈಜು ಬದಲಿಸಿ.

10. ಒಗೆಯುವುದು, ಒಣಗಿಸುವುದು

ಬಿಸಿನೀರು, ಬ್ಲೀಚು, ಕಂಫರ್ಟಿನಂಥ ಸಾಫ್ಟನರ್ ಇಲಾಸ್ಟಿಕ್ಕನ್ನು ಸಾಯಿಸುತ್ತವೆ. ತಣ್ಣೀರು, ಸೌಮ್ಯ ಲಿಕ್ವಿಡ್, ಕೈಒಗೆತ. ಮೆಷಿನ್ನಿಗೇ ಹಾಕುವುದಾದರೆ ಕೊಕ್ಕೆ ಸಿಕ್ಕಿಸಿ ಜಾಲರಿ ಚೀಲದಲ್ಲಿ ಹಾಕಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಭುಜದ ಪಟ್ಟಿಯಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಅದು ಉದ್ದವಾಗುತ್ತದೆ. ನಡುವಿನಿಂದ ಹಗ್ಗಕ್ಕೆ ಹಾಕಿ, ನೆರಳಿನಲ್ಲಿ. ಕಪ್ಪನ್ನು ಒಂದರೊಳಗೊಂದು ತಿರುಗಿಸಿ ಮಡಚಿದರೆ ಮಡಿಕೆ ಕೂತು, ಆ ಮಡಿಕೆಯೇ ಟೀ ಶರ್ಟಿನ ಮೇಲೆ ಕಾಣುತ್ತದೆ.

ಮಳೆಗಾಲದಲ್ಲಿ ಒಂದು ರೂಮಿನ ಮನೆಯಲ್ಲಿ ಬಟ್ಟೆ ಒಣಗುವುದೇ ಪಾಡು. ಆದರೂ ಹಸಿ ಇರುವ ಒಳಉಡುಪನ್ನು ಮೈ ಬಿಸಿಗೆ ಒಣಗುತ್ತದೆ ಅಂತ ಹಾಕಬೇಡಿ, ತೊಡೆಸಂದಿಯ ಫಂಗಸ್ ಹೀಗೇ ಹತ್ತುವುದು. ರಾತ್ರಿ ಫ್ಯಾನಿನ ಕೆಳಗೆ ಹರಡಿ, ಕಾಟನ್ನಿನದಾದರೆ ಬೆಳಿಗ್ಗೆ ಇಸ್ತ್ರಿ ಮಾಡಿ. ಆ ನಾಲ್ಕು ತಿಂಗಳಿಗೆ ಎರಡು ಜೋಡಿ ಹೆಚ್ಚಿಗೆ ಇರಲಿ. ಒಂದೇ ಬ್ರಾವನ್ನು ದಿನಾ ಹಾಕದೆ ಬದಲಿಸುತ್ತಿದ್ದರೆ ಇಲಾಸ್ಟಿಕ್ ಜಾಸ್ತಿ ದಿನ ಬರುತ್ತದೆ. ಅತಿ ಬಿಗಿಯ ಕೊಕ್ಕೆಯಲ್ಲೂ ಪಟ್ಟಿ ಬೆನ್ನ ಮೇಲೆ ಏರುತ್ತಿದ್ದರೆ, ತಂತಿ ಹೊರಗೆ ಚುಚ್ಚುತ್ತಿದ್ದರೆ, ಲೇಸರ್ ಕಟ್ಟಿನ ಅಂಚು ಸುರುಳಿ ಸುತ್ತಲು ಶುರುವಾಗಿದ್ದರೆ ಅದನ್ನು ತೆಗೆದು ಹಾಕಿ. ಹೊಸದು ತರುವ ಮೊದಲು ಮತ್ತೊಮ್ಮೆ ಟೇಪು ಹಿಡಿದು ಅಳೆಯಿರಿ.